ಅಂಗೈಯಲ್ಲಿ ತಟ್ಟಿದ ಗುಡ್ಡ

ಅಲ್ಲಾಳಸಂದ್ರ
ಜೂನ್ 10, 2024

ಮೋನಿಕಾಳ ಅಪ್ಪ ಅವರಿಗೆ,

ನೀವು ಕೊನೆಯ ಸಲ ಫೋನಿನಲ್ಲಿ ಹೇಳಿದ ಹಾಗೇ ಈ ಕಾಗದವನ್ನು ಮಣ್ಣಿನ ಪೆಟ್ಟಿಗೆಯಲ್ಲಿ, ಹುಲ್ಲಿನ ಅಡಿಯಲ್ಲಿ ಇಟ್ಟಿದ್ದೇನೆ. ಲ್ಯಾಬಿನಿಂದ ನಿಮ್ಮ ಕ್ಯಾಂಪಿಗೆ ವಾಪಸು ಹೋಗುವ ಖಾಲಿ ಕೊಳವೆಗಳ ಜೊತೆ ಯಶವಂತಪುರದಲ್ಲಿ ರೈಲು ಹತ್ತಿ, ಆಮೇಲೆ ಲಾರಿ ಹತ್ತಿ ಸಿಕ್ಕಿಂವರೆಗೂ ಬರುತ್ತದೆ ಅಂದರೆ ನಂಬಿಕೆ ಬರುವುದಿಲ್ಲ. ದಾರಿಯಲ್ಲಿ ನೆಂದುಹೋದರೆ? ಯಾರಾದರೂ ತೆಗೆದು ಓದಿದರೆ? ಎಂಟನೇ ಕ್ಲಾಸು ಅರ್ಧಕ್ಕೆ ಬಿಟ್ಟವಳ ಅಕ್ಷರ, ನಗುತ್ತಾರೆ.

ಕ್ಯಾಂಪಿನಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ ಅಂತ ನಿಮ್ಮ ಕಂಪನಿಯವರು ಮೊದಲೇ ಹೇಳಿದ್ದರೆ ನಾನು ಕಳಿಸುತ್ತಲೇ ಇರಲಿಲ್ಲ. ಹೆಬ್ಬಾಳದಲ್ಲೋ ಯಲಹಂಕದಲ್ಲೋ ಅಪಾರ್ಟ್‌ಮೆಂಟಿನ ಪಾಯಕ್ಕೆ ಮಣ್ಣು ಕೊರೆದುಕೊಟ್ಟು ಸಂಜೆಗೆ ಮನೆ ಸೇರುತ್ತಿದ್ದವರು ನೀವು. ಈಗ ನೋಡಿ, ಬೆಟ್ಟದ ರಸ್ತೆ ಅಂತ ಒಂದು ವರ್ಷ.

ಹೋಗುವ ಮುಂಚೆ ನೀವು ಮಾತಾಡಿ ಕೊಡಿಸಿದ ಕಾಲೇಜಿನ ಲ್ಯಾಬಿನ ಕೆಲಸ ನಡೆಯುತ್ತಿದೆ. ಮರಳು ತೊಳೆಯುವುದು, ಒಣಗಿಸುವುದು, ಜರಡಿ ಹಿಡಿಯುವುದು. ಅಲ್ಲಿ ಗಾಜಿನ ಗೋಡೆಯ ಉದ್ದನೆಯ ಪೆಟ್ಟಿಗೆಯಿದೆ, ಮೀನು ಸಾಕುವ ತೊಟ್ಟಿಯ ಹಾಗೆ. ಅದರೊಳಗೆ ಮರಳುಮಣ್ಣಿನ ಗುಡ್ಡ ಮಾಡುತ್ತಾರೆ, ಒಂದು ಕಡೆ ಎತ್ತರ, ಇನ್ನೊಂದು ಕಡೆಗೆ ಇಳಿಜಾರು. ಅಡಿಯಿಂದ ಮೆಲ್ಲಗೆ ನೀರು ಬಿಡುತ್ತಾರೆ. ಮಣ್ಣು ಹೊಟ್ಟೆ ತುಂಬ ನೀರು ಕುಡಿದ ಮೇಲೆ ಕೆಳಗಿನ ಮೇಜಿನ ಮೋಟರು ಹಾಕುತ್ತಾರೆ. ಮೇಜು ಭೂಕಂಪದ ಹಾಗೆ ಅಲ್ಲಾಡುತ್ತದೆ. ಮೊನ್ನೆ ನೋಡಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಇಡೀ ಗುಡ್ಡ ಅಂಬಲಿಯ ಹಾಗೆ ಹರಿದುಬಿಟ್ಟಿತು. ನಾನು ಕಿರುಚಿದೆ.

ಸತೀಶ್ ಅಂತ ಓದುವ ಹುಡುಗ ಇದನ್ನೆಲ್ಲ ಮಾಡಿಸುವುದು. “ಕಾಳು ಕಾಳು ಒಂದನ್ನೊಂದು ಒತ್ಕೊಂಡು ಕೂತಿರೋವರೆಗೂ ಅದು ಗುಡ್ಡ ಅಕ್ಕ. ಅಲ್ಲಾಡ್ಸಿದ್ರೆ ಮಧ್ಯದಲ್ಲಿರೋ ನೀರು ಅವನ್ನ ದೂರ ತಳ್ಳುತ್ತೆ. ಬಿಟ್ಕೊಂಡ್ವು ಅಂದ್ರೆ ಮುಗೀತು, ಗುಡ್ಡಾನೂ ನೀರೇ” ಅಂದ. ಅವನಿಗೆ ಅದು ಪಾಠ. ನನಗೆ ಅವತ್ತು ಊಟ ಸೇರಲಿಲ್ಲ.

ನೀವು ಇರುವ ಕಡೆ ಗುಡ್ಡ ಗಟ್ಟಿಯೋ? ಊಟ ಹೇಗೆ? ಹೊದಿಕೆ ಸಾಲುತ್ತದೋ? ಎಲ್ಲದಕ್ಕೂ ಬರೆಯಿರಿ, ಒಂದನ್ನೂ ಬಿಡಬೇಡಿ.

ಕಲಾವತಿ


ಕ್ಯಾಂಪು, ಸಿಕ್ಕಿಂ
ಜೂನ್ 24, 2024

ಕಲಾ,

ಪೆಟ್ಟಿಗೆ ಬಿಚ್ಚಿದ ತಕ್ಷಣ ಎಲ್ಲರಿಗಿಂತ ಮೊದಲು ಹುಲ್ಲಿಗೆ ಕೈ ಹಾಕಿದವನು ನಾನು. ಕಾಗದ ನೆಂದಿಲ್ಲ, ಯಾರೂ ಓದಿಲ್ಲ. ಇಲ್ಲಿ ಕನ್ನಡ ಓದಲು ಬರುವವರು ಇಬ್ಬರೇ, ನಾನೊಬ್ಬ, ಯಶೋಧಾ ಮೇಡಂ ಒಬ್ಬರು.

ಮೇಡಂ ನಮ್ಮ ಸೈಟಿನ ಇಂಜಿನಿಯರು. ಗಂಗಾನಗರದವರು ಕಣೇ! ಅಷ್ಟು ದೂರ ಬಂದು ನಮ್ಮ ಕಡೆಯ ಮಾತು ಕೇಳಿದರೆ ಹೇಗಾಗುತ್ತದೆ ಹೇಳು. ಮೊದಲ ದಿನವೇ, “ಬಾಲು, ಊಟಕ್ಕೆ ಬಾ ಗುರು, ಇಲ್ಲಿ ಬೇಳೆ ನೀರು ಕುಡಿದು ಕುಡಿದು ನಾಲಿಗೆ ಸತ್ತೋಗಿದೆ” ಅಂತ ಅವರ ಮನೆಯ ಚಟ್ನಿಪುಡಿ ಡಬ್ಬಿ ತೆಗೆದಿಟ್ಟರು. ಅನ್ನಕ್ಕೆ ಕಲಸಿಕೊಂಡು ತಿಂದೆ. ಕಣ್ಣಲ್ಲಿ ನೀರು ಬಂತು, ಖಾರಕ್ಕೋ ಏನಕ್ಕೋ.

ಗುಡ್ಡದ ವಿಷಯ ತಲೆಗೆ ಹಚ್ಚಿಕೊಳ್ಳಬೇಡ. ಗುಡ್ಡ ಅಂದಮೇಲೆ ಗುಡ್ಡದ ಹಾಗಿದೆ. ಅದರ ಬುಡದಲ್ಲಿ ನಮ್ಮ ಟೆಂಟುಗಳು, ಪಕ್ಕದಲ್ಲಿ ಹೊಳೆ. ಮಳೆ ಬಿಟ್ಟೂ ಬಿಡದೆ ಸುರಿಯುತ್ತಿದೆ. ನಾನು ಕೊರೆದು ತೆಗೆದ ಮಣ್ಣನ್ನು ಕೊಳವೆಗೆ ತುಂಬಿ, ಎರಡು ಬಾಯಿಗೂ ಮೇಣ ಹಾಕಿ ಮುಚ್ಚಿ ನಿಮ್ಮ ಲ್ಯಾಬಿಗೇ ಕಳಿಸುವುದು. ಮುಂದಿನ ಕೊಳವೆಗಳನ್ನು ಬಿಚ್ಚುವವಳು ನೀನೇ ಇರಬಹುದು. ಮೇಣ ಬಿಡಿಸುವಾಗ ನನ್ನನ್ನು ನೆನೆಸಿಕೋ.

ಮೋನಿಕಾಗೆ ಮುತ್ತು. ಅಮ್ಮನಿಗೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳಲು ಹೇಳು.

ಬಾಲರಾಜು


ಅಲ್ಲಾಳಸಂದ್ರ
ಜುಲೈ 5, 2024

ಮೋನಿಕಾಳ ಅಪ್ಪ ಅವರಿಗೆ,

ಮೇಣ ಬಿಡಿಸಿದೆ. ನೆನೆಸಿಕೊಂಡೆ. ಮೇಣದಲ್ಲಿ ಒಂದು ಉದ್ದನೆಯ ಕೂದಲು ಅಂಟಿಕೊಂಡಿತ್ತು.

ನಿಮ್ಮ ತಲೆಯಲ್ಲಿ ಎಷ್ಟು ಕೂದಲಿದೆ, ಎಷ್ಟುದ್ದ ಇದೆ ಅಂತ ನನಗೆ ಗೊತ್ತು. ಕೊಳವೆಯ ಚೀಟಿಯಲ್ಲಿ ನಂಬರು ನಿಮ್ಮ ಅಕ್ಷರ, ಅದರ ಪಕ್ಕದಲ್ಲಿ ತಾರೀಕು ಇನ್ನೊಬ್ಬರ ಅಕ್ಷರ, ದುಂಡಗೆ, ಮುತ್ತು ಪೋಣಿಸಿದ ಹಾಗೆ. ಒಂದೇ ಕೊಳವೆಗೆ ಇಬ್ಬರು ಕೂತು ಮೇಣ ಹಾಕಬೇಕೇ? ಅಷ್ಟು ದೊಡ್ಡ ಕೆಲಸವೇ ಅದು? ಸತೀಶನನ್ನು ಕೇಳಿದೆ. “ಮೇಣ ಬಿಸಿ ಇರುತ್ತಲ್ಲ ಅಕ್ಕ, ಒಬ್ರು ಹಿಡ್ಕೋಬೇಕು, ಒಬ್ರು ಸುರೀಬೇಕು” ಅಂದ. ಸಮಾಧಾನವಾಗಲಿಲ್ಲ. ಯಾರು ಹಿಡಿದುಕೊಳ್ಳುತ್ತಾರೆ, ಯಾರು ಸುರಿಯುತ್ತಾರೆ?

ಮದುವೆಯಾಗಿ ಆರು ವರ್ಷವಾಯಿತು, ನಿಮ್ಮ ಹೆಸರನ್ನು ಬಾಯಿಬಿಟ್ಟು ಕರೆದವಳಲ್ಲ ನಾನು. ರೇಷನ್ ಅಂಗಡಿಯಲ್ಲಿ ಕೇಳಿದರೂ ಮೋನಿಕಾಳ ಕೈಯಲ್ಲಿ ಹೇಳಿಸುತ್ತೇನೆ. ನಿಮ್ಮ ಮೇಡಂ ಮೊದಲ ದಿನವೇ ಅದನ್ನು ಮುರಿದು ಅರ್ಧ ಮಾಡಿ ಬಾಲು ಅಂದರಂತೆ.

ಇದರ ಜೊತೆ ಚಟ್ನಿಪುಡಿ ಕಳಿಸಿದ್ದೇನೆ. ಹುರಿಗಡಲೆ, ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಎಲ್ಲ ನಾನೇ ಹುರಿದದ್ದು. ಅತ್ತೆ ನೋಡಿ, “ಇಂಗೆ ಒಟ್ಟೆಕಿಚ್ಚಲ್ಲಿ ಉರುದ್ರೆ ಕೊಬ್ರಿ ಸೀದೋಯ್ತದೆ ಕಣಮ್ಮಿ, ಉರಿ ಸಣ್ಣಗ್ ಮಾಡು” ಅಂದರು. ಸೀದಿಲ್ಲ. ತಿಂದು ಯಾವುದು ಚೆನ್ನಾಗಿದೆ ಅಂತ ಬರೆಯಿರಿ. ಸುಳ್ಳು ಬರೆದರೆ ಗೊತ್ತಾಗುತ್ತದೆ.

ಕಲಾವತಿ


ಕ್ಯಾಂಪು
ಜುಲೈ 18, 2024

ಕಲಾ,

ನಿನ್ನದೇ ಚೆನ್ನಾಗಿದೆ. ಮೇಡಂ ಕೂಡ ಅದನ್ನೇ ಹೇಳಿದರು, “ನಮ್ಮಮ್ಮಂಗೆ ಈ ಕೈ ಇಲ್ಲ ಬಾಲು” ಅಂತ. ಅರ್ಧ ಡಬ್ಬಿ ಅವರೇ ಖಾಲಿ ಮಾಡಿದರು.

ಕೂದಲಿಗೆಲ್ಲ ಕಥೆ ಕಟ್ಟಬೇಡ ಕಣೇ. ಕೆಲಸ ಜಾಸ್ತಿಯಾಗಿದೆ. ಸಂಜೆ ಮಳೆ ಸ್ವಲ್ಪ ಬಿಟ್ಟರೆ ಮೇಡಂ ಜೊತೆ ಗುಡ್ಡದ ಮೇಲಕ್ಕೆ ಹೋಗಿ ಬರುತ್ತೇನೆ. ನಾವಿಬ್ಬರೇ ಹೋಗುವುದು, ಉಳಿದವರಿಗೆ ಆ ಏರು ಆಗುವುದಿಲ್ಲ. ಮೇಲೆ ಗೂಟ ನೆಟ್ಟು ದಾರ ಕಟ್ಟಿದ್ದೇವೆ. ದಿನಾ ಹೋಗಿ ನೋಡಿಕೊಂಡು ಬರಬೇಕು. ಏನಕ್ಕೆ ಎತ್ತಕ್ಕೆ ಅಂತ ಕೇಳಬೇಡ, ಬಂದಾಗ ಹೇಳುತ್ತೇನೆ. ನಿನಗೆ ಒಂದು ಹೇಳಿದರೆ ಹತ್ತು ಯೋಚನೆ ಮಾಡುತ್ತೀಯ.

ಮೋನಿಕಾ ಸ್ಕೂಲಿಗೆ ಅಳದೆ ಹೋಗುತ್ತಾಳೋ?

ಬಾಲರಾಜು


ಅಲ್ಲಾಳಸಂದ್ರ
ಜುಲೈ 30, 2024

ಮೋನಿಕಾಳ ಅಪ್ಪ ಅವರಿಗೆ,

ದಾರ ಕಟ್ಟಿದ್ದೀರಾ. ಸಂತೋಷ. ಹುಣಸಮಾರನಹಳ್ಳಿಯಲ್ಲಿ ನಮ್ಮಮ್ಮನ ಮನೆ ಹಿಂದಿನ ಅರಳಿಮರಕ್ಕೆ ನಾವೂ ಕಟ್ಟಿದ್ದೆವು, ಮದುವೆಯಾದ ಹೊಸದರಲ್ಲಿ, ನೀವು ಒಂದು ತುದಿ ಹಿಡಿದು ನಾನು ಒಂದು ತುದಿ ಹಿಡಿದು. ಮಗುವಾಗಲಿ ಅಂತ. ಈಗ ಅವರ ಜೊತೆ ಏನಾಗಲಿ ಅಂತ ಕಟ್ಟಿದಿರಿ? ದಿನಾ ಹೋಗಿ ನೋಡಿಕೊಂಡು ಬರುವಂಥದ್ದು ಏನು ಹರಕೆ? ನನಗೆ ಹೇಳಬಾರದಂತೆ. ನಾನು ಹತ್ತು ಯೋಚನೆ ಮಾಡುತ್ತೇನಂತೆ. ನೂರು ಮಾಡುತ್ತಿದ್ದೇನೆ.

ಒಂದು ವಿಷಯ. ಈ ವಾರ ಮೊದಲ ಸಲ ಗಾಜಿನ ಪೆಟ್ಟಿಗೆಯನ್ನು ನಾನೇ ತುಂಬಿದೆ. ಸತೀಶ ಕ್ಲಾಸಿಗೆ ಹೋಗುತ್ತಾ, “ಜರಡಿ ಮೇಲೆ ಹಿಡಿದು ಮಳೆ ಬಿದ್ದಂಗೆ ಬೀಳ್ಸಿ ಅಕ್ಕ, ನೀಟಾಗಿ ಬರ್ಲಿ” ಅಂದ. ಡಬ್ಬಿಯ ಮೇಲೆ ನಿಮ್ಮ ಅಕ್ಷರ. ನಿಮ್ಮ ಕ್ಯಾಂಪಿನ ಹಿಂದಿನ ಗುಡ್ಡದ್ದೇ ಮಣ್ಣು ಅಂತ ಆಗ ಗೊತ್ತಾಯಿತು. ನೀವು ಮುಟ್ಟಿದ ಮಣ್ಣು ಅಂತ ಬಹಳ ಚಂದ ಮಾಡಿ ತುಂಬಿದೆ. ಜರಡಿಯಿಂದ ಬಿದ್ದದ್ದು ಉಬ್ಬು ತಗ್ಗಾಗಿ ಕಂಡಿತು. ಅದಕ್ಕೇ ಪದರ ಪದರಕ್ಕೂ ಅಂಗೈಯಲ್ಲಿ ತಟ್ಟಿ ತಟ್ಟಿ, ತುಳಸಿಕಟ್ಟೆ ಮೆತ್ತಿದ ಹಾಗೆ ನುಣ್ಣಗೆ ಮಾಡಿದೆ. ಆ ದುಂಡನೆಯ ಅಕ್ಷರ ಕಣ್ಣಿಗೆ ಬಿದ್ದಾಗ ಒಂದೆರಡು ಏಟು ಜೋರಾಗಿಯೇ ಬಿತ್ತು.

ಆಮೇಲೆ ಸತೀಶ ಬಂದು ಹೇಳಿದ, ಈ ಗುಡ್ಡ ಸಣ್ಣ ಅಲುಗಾಟಕ್ಕೇ ಬಿದ್ದರೆ ಕ್ಯಾಂಪು ಎತ್ತಿಸಬೇಕಾಗುತ್ತದೆ, ಕೆಲಸವೂ ನಿಲ್ಲಬಹುದು ಅಂತ. ನಾನು ಮೇಜಿನ ಹತ್ತಿರ ಕೈ ಜೋಡಿಸಿ ನಿಂತುಕೊಂಡೆ. ಏನು ಬೇಡಿಕೊಂಡೆ ಅಂತ ಹೇಳಿಬಿಡುತ್ತೇನೆ. ಬೀಳಲಿ ಅಂತ. ಬಿದ್ದರೆ ಕೆಲಸ ನಿಲ್ಲುತ್ತದೆ, ನೀವು ಮನೆಗೆ ಬರುತ್ತೀರಿ, ಅವರ ದಾರ ಅವರ ಹತ್ತಿರ ಇರುತ್ತದೆ.

ಬೀಳಲಿಲ್ಲ. ಮೋಟರು ಜೋರು ಮಾಡಿದರೂ ಕಲ್ಲಿನ ಹಾಗೆ ನಿಂತಿತು. ಸತೀಶ ಖುಷಿಯಲ್ಲಿ ರಿಪೋರ್ಟು ಕಳಿಸಿದ. ಮಣ್ಣೂ ಅವರ ಕಡೆಯೇ ಸೇರಿಕೊಂಡಿತು.

ಆ ಗುಡ್ಡ ಬಿದ್ದುಹೋಗಲಿ. ನಿಜವಾಗಲೂ ಬಿದ್ದುಹೋಗಲಿ. ಆಗಲಾದರೂ ಬರುತ್ತೀರಿ.

ಕಲಾವತಿ


ಕ್ಯಾಂಪು
ಆಗಸ್ಟ್ 12, 2024

ಕಲಾವತಿ,

ಗುಡ್ಡ ಬೀಳಲಿ ಅಂತ ಬರೆದಿದ್ದೀಯಲ್ಲ, ಅದರ ಬುಡದಲ್ಲಿ ಮಲಗುವವನಿಗೆ ಬರೆಯುವ ಮಾತೇ ಅದು?

ರಿಪೋರ್ಟು ಇಲ್ಲಿಗೆ ಬಂತು. ಗುಡ್ಡ ಗಟ್ಟಿಯಂತೆ. ಹೊಳೆಯ ಆಚೆ ಬಂಡೆಯ ಮೇಲಿರುವ ಹಳೆಯ ಗೋದಾಮಿಗೆ ನಮ್ಮನ್ನೆಲ್ಲ ಕಳಿಸಬೇಕು ಅಂತ ಮೇಡಂ ಹಟ ಹಿಡಿದಿದ್ದರು. ಕಂಟ್ರಾಕ್ಟರು ರಿಪೋರ್ಟು ಮುಖಕ್ಕೆ ಹಿಡಿದ ಮೇಲೆ ಸುಮ್ಮನಾದರು. ನಮ್ಮವರಿಗೆಲ್ಲ ಖುಷಿ. ಆ ಗೋದಾಮು ಸೋರುತ್ತದೆ, ನೀರು ಹೊತ್ತು ಸಾಯಬೇಕು. ಟೆಂಟೇ ವಾಸಿ.

ದಸರಾಕ್ಕೆ ಬರಲು ಆಗುವುದಿಲ್ಲ. ಇನ್ನೂ ಕಿಚ್ಚು ಮಿಕ್ಕಿದ್ದರೆ ಅದನ್ನೂ ಬರೆದು ಕಳಿಸು, ಇಲ್ಲಿ ಚಳಿ ಜಾಸ್ತಿ.

ಬಾಲರಾಜು


ಅಲ್ಲಾಳಸಂದ್ರ
ಆಗಸ್ಟ್ 23, 2024

ರೀ,

ಇದನ್ನು ಪೂರ್ತಿ ಓದಿ. ಅರ್ಧಕ್ಕೆ ಬಿಸಾಡಬೇಡಿ.

ಆ ಗುಡ್ಡ ಗಟ್ಟಿಯಿಲ್ಲ. ಅದನ್ನು ನಿಲ್ಲಿಸಿದ್ದು ನಾನು.

ನಿನ್ನೆ ಅದೇ ಮಣ್ಣನ್ನು ಎರಡನೇ ಸಲ ಪೆಟ್ಟಿಗೆಗೆ ತುಂಬಿದೆ. ಒಗ್ಗರಣೆ ಸಿಡಿದು ಅಂಗೈ ಸುಟ್ಟಿತ್ತು, ಬಟ್ಟೆ ಸುತ್ತಿಕೊಂಡಿದ್ದೆ. ಅದಕ್ಕೇ ತಟ್ಟಲು ಆಗಲಿಲ್ಲ, ಜರಡಿಯಿಂದ ಹೇಗೆ ಬಿತ್ತೋ ಹಾಗೇ ಬಿಟ್ಟೆ. ಗಾಜಿನ ಮೇಲೆ ಬರೆದ ಗೆರೆಯವರೆಗೂ ತುಂಬಿದ ಮೇಲೆ ನೋಡಿದರೆ ಒಂದು ಡಬ್ಬಿ ಮಣ್ಣು ಮಿಕ್ಕಿದೆ. ಹೋದ ಸಲ ಅದೇ ಪೆಟ್ಟಿಗೆ, ಅದೇ ಗೆರೆ, ಒಂದು ಚೂರೂ ಮಿಕ್ಕಿರಲಿಲ್ಲ. ಹೋದ ಸಲ ತಟ್ಟಿ ತಟ್ಟಿ ಅಷ್ಟನ್ನೂ ಒಳಗೆ ತುರುಕಿದ್ದೆ ಅಂತ ಆಗಲೇ ಹೊಳೆಯಿತು. ನೀರು ಬಿಟ್ಟು ಮೇಜು ಅಲ್ಲಾಡಿಸಿದರು. ಹೋದ ಸಲಕ್ಕಿಂತ ಮೆಲ್ಲಗೆ. ಹಸು ಮೈಮೇಲೆ ಕೂತ ನೊಣ ಓಡಿಸಲು ಚರ್ಮ ನಡುಗಿಸುತ್ತದಲ್ಲ, ಅಷ್ಟೇ. ಗುಡ್ಡದ ಮೈಯಿಂದ ನೀರು ಬುಳಬುಳ ಎದ್ದಿತು. ಆಮೇಲೆ ಎಲ್ಲ ಹರಿದು ಕೆಳಗೆ ಬಂತು. ಕೆಳಗೆ, ಎಲ್ಲಿ ನಿಮ್ಮ ಟೆಂಟುಗಳಿವೆಯೋ ಅಲ್ಲಿಗೆ.

ಸತೀಶನಿಗೆ ಅಳುತ್ತಾ ಹೇಳಿದೆ, ಹೋದ ಸಲ ತಟ್ಟಿದ್ದೆ ಅಂತ. “ಅಕ್ಕ, ತಟ್ಟಿದ್ರೆ ಕಾಳೆಲ್ಲ ಒತ್ತೊತ್ತಾಗಿ ಕೂತ್ಕೊಂಡು ಗಟ್ಟಿ ಆಗುತ್ತೆ. ಅಲ್ಲಿರೋ ಗುಡ್ಡಾನ ಯಾರು ತಟ್ಟಿದಾರೆ?” ಅಂದ. ಕಂಪನಿಗೆ ಫೋನು ಮಾಡಿ ಹೇಳಪ್ಪ ಅಂದರೆ, ಮೊದಲ ರಿಪೋರ್ಟಿಗೆ ಲ್ಯಾಬಿನ ದೊಡ್ಡ ಸರ್ ಸಹಿಯಿದೆ, ಅವರು ಊರಲ್ಲಿಲ್ಲ, ಮಣ್ಣು ಒಣಗಿಸಿ ಮೂರನೇ ಸಲ ಮಾಡಿ ನೋಡದೆ ಬಾಯಿಬಿಟ್ಟರೆ ತನ್ನ ಓದೇ ಹೋಗುತ್ತದೆ ಅನ್ನುತ್ತಾನೆ. ಮಣ್ಣು ಒಣಗುವವರೆಗೂ ನಾನು ಹೇಗಿರಲಿ? ಇವತ್ತೇ ಪೆಟ್ಟಿಗೆ ಹೊರಡುತ್ತಿದೆ, ಡ್ರೈವರ್ ಮುನ್ನಾ ಹಾರ್ನ್ ಮಾಡುತ್ತಿದ್ದಾನೆ.

ನೀವು ನಂಬುವುದಿಲ್ಲ. ಗೊತ್ತು. ಬೀಳಲಿ ಅಂತ ಬರೆದವಳು ನಾನೇ. ಈಗ ಬೀಳುತ್ತದೆ ಅಂದರೆ, ಮನೆಗೆ ಕರೆಸಿಕೊಳ್ಳಲು ಹೊಸ ನಾಟಕ ಅನ್ನುತ್ತೀರಿ. ಅದಕ್ಕೇ ಹೇಳುತ್ತಿದ್ದೇನೆ, ಮನೆಗೆ ಬರಬೇಡಿ. ದಸರಾಕ್ಕೂ ಬೇಡ, ದೀಪಾವಳಿಗೂ ಬೇಡ. ಆ ಗೋದಾಮಿಗೆ ಹೋಗಿ. ಅವರೂ ಅಲ್ಲಿಗೇ ಬರಲಿ. ಇಬ್ಬರೂ ಒಂದೇ ಸೂರಿನಡಿ ಇರಿ, ಅವರ ಕೈಯಲ್ಲಿ ಊಟ ಮಾಡಿ, ದಾರ ಕಟ್ಟಿ. ನಾನು ಒಂದು ಮಾತು ಕೇಳುವುದಿಲ್ಲ. ಹೊಟ್ಟೆಕಿಚ್ಚು ಇಲ್ಲ ಅಂತಲ್ಲ, ಇದನ್ನು ಬರೆಯುವಾಗಲೂ ಉರಿಯುತ್ತಿದೆ. ಆದರೂ ಬರೆಯುತ್ತಿದ್ದೇನೆ ನೋಡಿ. ಅದರಿಂದಲಾದರೂ ನಂಬಿ.

ಆ ಬುಡದಲ್ಲಿ ಮಲಗಬೇಡಿ.

ಕಲಾ


ಅಲ್ಲಾಳಸಂದ್ರ
ಸೆಪ್ಟೆಂಬರ್ 9, 2024

ರೀ,

ಕಾಗದ ಸಿಕ್ಕಿತೋ ಇಲ್ಲವೋ. ಆ ಕಡೆ ಭೂಮಿ ನಡುಗಿತು ಅಂತ ಶುಕ್ರವಾರ ಟಿವಿಯಲ್ಲಿ ಹಾಕಿದರು. ಒಂದೇ ಒಂದು ಸಾಲು, ಕೆಳಗಡೆ ಓಡಿಹೋಯಿತು. ಊರಿನ ಹೆಸರು ಓದುವಷ್ಟರಲ್ಲಿ ಚಿನ್ನದ ರೇಟು ಬಂತು.

ಕಂಪನಿ ಆಫೀಸಿಗೆ ಹೋದೆ. “ಯಾರ್ಗೂ ಏನೂ ಆಗಿಲ್ಲ ಅನ್ಸುತ್ತೆ ಕಣಮ್ಮ” ಅಂದರು. ಅನ್ಸುತ್ತೆ ಅಂದರೆ ಏನು? ಸತೀಶನ ಮೂರನೇ ಗುಡ್ಡವೂ ಬಿದ್ದಿತು. ಈಗ ಮೇಲ್ ಕಳಿಸಿದ್ದಾನೆ. ಉತ್ತರವಿಲ್ಲ.

ಬೀಳಲಿ ಅಂದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ಅತ್ತೆಯ ಮುಂದೆ, ದೇವರ ಮುಂದೆ, ಆ ಖಾಲಿ ಗಾಜಿನ ಪೆಟ್ಟಿಗೆಯ ಮುಂದೆಯೂ ಹೇಳಿದ್ದೇನೆ. ಒಂದಕ್ಷರ ಬರೆಯಿರಿ. ಅವರ ಕೈಯಲ್ಲಾದರೂ ಬರೆಸಿ.

ಕಲಾ


ಹಳೆಯ ಗೋದಾಮು, ಹೊಳೆಯ ಆಚೆ
ಸೆಪ್ಟೆಂಬರ್ 8, 2024

ಕಲಾ,

ಬದುಕಿದ್ದೇನೆ. ಎಲ್ಲರೂ ಬದುಕಿದ್ದೇವೆ. ಕೆಳಗಿನ ಊರಿನ ಟವರೂ ಬಿದ್ದಿದೆ, ಎಲ್ಲೂ ಫೋನಿಲ್ಲ. ರಸ್ತೆ ಅರ್ಧ ತೆಗೆದಿದ್ದಾರೆ, ಕೆಳಗೆ ಹೋಗುವ ಲಾರಿಯವನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿನ್ನ ಕಾಗದ ಹೋದ ಭಾನುವಾರ ಬಂತು. ನಾನು ನಂಬಲಿಲ್ಲ. ನೀನು ಹೇಳಿದ ಹಾಗೇ, ನಾಟಕ ಅಂದುಕೊಂಡೆ. ಊಟಕ್ಕೆ ಕೂತಾಗ ತಮಾಷೆಗೆ ಮೇಡಂಗೆ ಹೇಳಿದೆ, “ನೋಡಿ ಮೇಡಂ, ನಮ್ಮ ಮನೆಯವಳು ಗುಡ್ಡಾನ ತಟ್ಟಿ ನಿಲ್ಲಿಸಿದಾಳಂತೆ” ಅಂತ. ಉಳಿದವರಿಗೆ ಹಿಂದಿಯಲ್ಲಿ ಹೇಳಿದೆ, ಎಲ್ಲರೂ ನಕ್ಕರು. ಅವರು ನಗಲಿಲ್ಲ. ತುತ್ತು ತಟ್ಟೆಗೆ ಇಟ್ಟು, “ಓದು” ಅಂದರು. ಓದಿದೆ. “ಹೇಗೆ ತಟ್ಟಿರ್ತಾರೆ, ತೋರ್ಸು” ಅಂದರು.

ನನಗೇನು ಗೊತ್ತು? ಸುಮ್ಮನೆ ಮೇಜಿನ ಮೇಲೆ ತಟ್ಟಿ ತೋರಿಸಿದೆ. ತಟ್ಟುತ್ತಾ ತಟ್ಟುತ್ತಾ ನನ್ನ ಕೈ ನಿಂತುಹೋಯಿತು ಕಲಾ. ನೀನು ಮೋನಿಕಾಳನ್ನು ಮಲಗಿಸುವಾಗ ತಟ್ಟುತ್ತೀಯಲ್ಲ, ಅವಳು ನಿದ್ದೆ ಹೋದ ಮೇಲೂ ಬಿಡದೆ, ಹಾಗೆ ತಟ್ಟುತ್ತಿದ್ದೆ. ನೀನು ಹಾಗೇ ತಟ್ಟಿರುತ್ತೀಯ ಅಂತ ಆಗ ಗೊತ್ತಾಯಿತು. ಕೂತು ಕಟ್ಟಲು ಆಗುವ ಸುಳ್ಳಲ್ಲ ಅದು.

ನಿನ್ನಿಂದ ಮುಚ್ಚಿಟ್ಟದ್ದು ಇದು. ಗುಡ್ಡದ ನೆತ್ತಿಯಲ್ಲಿ ಜೂನ್‌ನಲ್ಲೇ ಬಿರುಕು ಬಿಟ್ಟಿತ್ತು. ಬಿರುಕಿನ ಈಚೆಗೊಂದು ಆಚೆಗೊಂದು ಗೂಟ ನೆಟ್ಟು ದಾರ ಬಿಗಿದಿದ್ದೆವು. ದಾರ ಹರಿದರೆ ಬಿರುಕು ಅಗಲವಾಗಿದೆ ಅಂತ. ಎರಡು ಸಲ ಹರಿದಿತ್ತು. ನಿನಗೆ ಬರೆದರೆ ಊಟ ಬಿಡುತ್ತೀಯ ಅಂತ ಬರೆಯಲಿಲ್ಲ.

ಮೇಡಂ ಮಾರನೆಯ ದಿನವೇ ಕಂಟ್ರಾಕ್ಟರ ಮುಂದೆ ನಿಂತರು. “ರಿಪೋರ್ಟ್ ತಪ್ಪು. ನನ್ನ ಕೆಲಸ ಹೋದ್ರೂ ಪರ್ವಾಗಿಲ್ಲ, ಇವತ್ತು ಒಬ್ರೂ ಇಲ್ಲಿ ಮಲಗಲ್ಲ” ಅಂದರು. ಬೈದುಕೊಂಡೇ ಎಲ್ಲರೂ ಗೋದಾಮಿಗೆ ಬಂದೆವು. ಶುಕ್ರವಾರ ಬೆಳಿಗ್ಗೆ ಚಹಾ ಕುಡಿಯುತ್ತಿದ್ದೆವು. ಲೋಟದಲ್ಲಿ ಚಹಾ ತುಳುಕಿತು, ಅಷ್ಟೇ. ಎದುರುಗಡೆ ಗುಡ್ಡ ಎದ್ದು ನಡೆದು ಬಂದ ಹಾಗೆ ಬಂತು. ಟೆಂಟುಗಳು ಕಾಣಿಸಲಿಲ್ಲ, ಹೊಳೆಯೂ ಸ್ವಲ್ಪ ಹೊತ್ತು ಕಾಣಿಸಲಿಲ್ಲ.

ನಿನ್ನ ಚಟ್ನಿಪುಡಿ ಡಬ್ಬಿ ಅದರಡಿ ಹೋಯಿತು. ದಸರಾಕ್ಕೆ ಬರುತ್ತೇನೆ.

ಬಾಲು ಅಲ್ಲ, ಬಾಲರಾಜು


ಅಲ್ಲಾಳಸಂದ್ರ
ಸೆಪ್ಟೆಂಬರ್ 19, 2024

ಮೋನಿಕಾಳ ಅಪ್ಪ ಅವರಿಗೆ,

ಎಲ್ಲರೂ ಕ್ಷೇಮ ಅಂತ ಕಂಪನಿಯವರು ಮೊನ್ನೆ ಭಾನುವಾರ ಹೇಳಿದಾಗಲೂ ನಂಬಿರಲಿಲ್ಲ. ಅಕ್ಷರ ನೋಡಿದ ಮೇಲೆ ಅತ್ತೆ, ನಾನು, ಮೋನಿಕಾ ಮೂವರೂ ಅತ್ತೆವು. ಮೋನಿಕಾ ಯಾಕೆ ಅಂತ ಗೊತ್ತಿಲ್ಲದೆ ಅತ್ತಳು. ತಪ್ಪು ನನ್ನದು ಅಂತ ದೊಡ್ಡ ಸರ್ ಮುಂದೆ ಒಪ್ಪಿಕೊಂಡೆ. ಬೈದರು. ಕೆಲಸದಿಂದ ತೆಗೆಯಲಿಲ್ಲ. ಈಗ ಪೆಟ್ಟಿಗೆ ತುಂಬುವಾಗ ಸತೀಶ ನನ್ನ ಕೈಯನ್ನೇ ನೋಡುತ್ತಾ ನಿಂತಿರುತ್ತಾನೆ.

ಅತ್ತು ಮುಗಿದ ಮೇಲೆ ಇನ್ನೊಂದು ಸಲ ಓದಿದೆ. ನನ್ನ ಕಾಗದವನ್ನು ಅವರಿಗೆ ಓದಿ ಹೇಳಿದಿರಾ? ಊಟದ ಮೇಜಿನಲ್ಲಿ, ಎಲ್ಲರ ಮುಂದೆ? ಎಷ್ಟು ಓದಿದಿರಿ? ಒಂದೇ ಸೂರಿನಡಿ ಇರಿ ಅಂತ ಬರೆದಿದ್ದೆನಲ್ಲ, ಅದನ್ನೂ? ಉರಿಯುತ್ತಿದೆ ಅಂತ ಬರೆದಿದ್ದನ್ನೂ? ಹಾಗಾದರೆ ನನ್ನ ಹೊಟ್ಟೆಯೊಳಗಿನದೆಲ್ಲ ಅವರಿಗೆ ಗೊತ್ತು. ಗೊತ್ತಿದ್ದೂ ಅವರು ನಗಲಿಲ್ಲ.

ಅದೇ ನನ್ನನ್ನು ತಿನ್ನುತ್ತಿರುವುದು. ಆರು ವರ್ಷ ಜೊತೆಯಲ್ಲಿದ್ದ ನೀವು ನಂಬಲಿಲ್ಲ. ನಾನು ದಿನಾ ಬೈದುಕೊಂಡ ಹೆಂಗಸು, ನನ್ನ ಮುಖ ನೋಡದವರು, ಒಂದೇ ಓದಿಗೆ ನಂಬಿದರು. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆ ಮೇಣದ ಕೂದಲನ್ನು ಇಷ್ಟು ದಿನ ಅರಿಶಿನದ ಡಬ್ಬಿಯ ಹಿಂದೆ ಇಟ್ಟಿದ್ದೆ, ನೀವು ಬಂದಾಗ ಮುಂದೆ ಹಿಡಿದು ಕೇಳಬೇಕು ಅಂತ. ಬಿಸಾಡಿದೆ.

ಈ ಪೆಟ್ಟಿಗೆಯಲ್ಲಿ ಚಟ್ನಿಪುಡಿಯ ಎರಡು ಪೊಟ್ಟಣಗಳಿವೆ. ದೊಡ್ಡದು ಅವರಿಗೆ, ಚಿಕ್ಕದು ನಿಮಗೆ. ಯಾಕೆ ಅಂತ ಕೇಳಬೇಡಿ. ಅದನ್ನು ಕೊಡುವಾಗ ನಾನು ಹೇಳಿದೆ ಅಂತ ಒಂದು ಮಾತು ಹೇಳಿ. ಇನ್ನು ಮೇಲೆ ನಿಮ್ಮನ್ನು ಪೂರ್ತಿ ಹೆಸರು ಹಿಡಿದು ಕರೆಯಲಿ. ಅರ್ಧ ನನಗಿರಲಿ. ದಸರಾಕ್ಕೆ ಬಂದಾಗ, ಬಾಗಿಲು ಹಾಕಿಕೊಂಡು, ಮೆಲ್ಲಗೆ ಒಂದು ಸಲ ಕರೆದು ನೋಡುತ್ತೇನೆ.

ಕಲಾ